ಕಾರು ಹೊರಡದ ಬೆಳಗು

ಪಾರ್ವತಿನಗರದ ನಮ್ಮ ಮನೆಯ ಮುಂದೆ, ಬೇವಿನ ಮರದ ನೆರಳಿನಲ್ಲಿ, ಒಂದು ಹಳೆಯ ಅಂಬಾಸಿಡರ್ ಕಾರು ನಿಂತಿರುತ್ತದೆ. ಅದು 1984ರ ಮಾದರಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ನಮ್ಮ ದೇಶದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತುಹೋಯಿತು. "ಇದನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ?" ಎಂದು ಕೇಳುವವರಿಗೆ, "ಮುದುಕರನ್ನು ಮುದುಕರೇ ಸಾಕಬೇಕಲ್ಲವೆ?" ಎಂದು ಉತ್ತರಿಸುತ್ತೇನೆ. ಆದರೆ ನನಗಿಂತಲೂ ಹೆಚ್ಚಾಗಿ ಅದನ್ನು ಪ್ರೀತಿಸುವವನು ನೆರೆಮನೆಯ ಹುಡುಗ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಅವನು ಭಾನುವಾರ ಬಂತೆಂದರೆ ಬಕೆಟ್ಟು, ಬಟ್ಟೆ ಹಿಡಿದು ಬಂದು, ಅದರ ಮೈಮೇಲಿನ ಕೆಂಧೂಳನ್ನು ತೊಳೆದು ಹೊಳೆಯುವಂತೆ ಮಾಡುತ್ತಿದ್ದ.

ಒಂದು ಸೋಮವಾರ ಬೆಳಗ್ಗೆ ಕುರುಗೋಡಿನಲ್ಲಿ ಬಂಧುಗಳ ಮನೆಯ ಮದುವೆ. ನನ್ನಾಕೆ ಉಡುಗೊರೆಯ ಚೀಲದೊಂದಿಗೆ ಬಂದು ಕುಳಿತಾಗಿತ್ತು. ನಾನು ಕೀಲಿ ತಿರುಗಿಸಿದೆ. 'ಸೆಲ್ಫ್' ಎಂದು ನಾವು ಕರೆಯುವ ಮೋಟಾರು ಎಂಜಿನ್ನನ್ನು ಗರಗರನೆ ತಿರುಗಿಸಿತು. ಎಂಜಿನ್ ಮಾತ್ರ ಜೀವ ಹಿಡಿಯಲಿಲ್ಲ. ಮತ್ತೆ ತಿರುಗಿಸಿದೆ. ಮತ್ತೆ ಅದೇ ಗರಗರ.

ಹಿಂದಿನ ವರ್ಷ ಮೇ ತಿಂಗಳಲ್ಲಿ ಸಿರುಗುಪ್ಪದ ದಾರಿಯಲ್ಲಿ ಕಾರು ಹೀಗೆಯೇ ಕೈಕೊಟ್ಟಿತ್ತು. ಆಗ ಬಿಸಿಲ ಝಳಕ್ಕೆ ಪೆಟ್ರೋಲು ಪಂಪಿನೊಳಗೇ ಆವಿಯಾಗಿ ಮುಂದಕ್ಕೆ ಹರಿಯದೆ ನಿಂತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ತಣಿಸಿದ ಮೇಲೆ ಕಾರು ಹೊರಟಿತ್ತು. ಆ ನೆನಪಿನ ಬಲದಿಂದ ಈಗಲೂ ಒದ್ದೆ ಬಟ್ಟೆ ಹೊದಿಸಿದೆ. ಆಗಿನ್ನೂ ಬೆಳಗಿನ ಆರು ಗಂಟೆ, ತಣ್ಣನೆಯ ಗಾಳಿ ಬೀಸುತ್ತಿದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಒಮ್ಮೆ ಗುಣ ಕೊಟ್ಟ ಮದ್ದು ಎಲ್ಲ ರೋಗಕ್ಕೂ ಮದ್ದೆಂದು ನಂಬಿದ ವೈದ್ಯನಂತಾಗಿದ್ದೆ ನಾನು.

ಸದ್ದು ಕೇಳಿ ಹುಡುಗ ಓಡಿಬಂದ. ಅವನನ್ನು ಕಂಡೊಡನೆ ನನ್ನ ಬುದ್ಧಿ ಮತ್ತೊಂದು ಕಡೆಗೆ ಹಾರಿತು. "ನಿನ್ನೆ ಎಂಜಿನ್ನಿನ ಮೇಲೆಲ್ಲ ನೀರು ಸುರಿದು ಕೆಡಿಸಿದೆಯಲ್ಲ!" ಎಂದು ಗದರಿದೆ. "ಇಲ್ಲ ತಾತ, ನಾನು ಬಾನೆಟ್ಟು ತೆಗೆದೇ ಇಲ್ಲ" ಎಂದ. "ಎದುರು ಮಾತನಾಡಬೇಡ" ಎಂದೆ. ಅವನು ತಲೆ ತಗ್ಗಿಸಿ ಕಾಂಪೌಂಡಿನ ಬಳಿ ಹೋಗಿ ನಿಂತ.

ಅಷ್ಟರಲ್ಲಿ ನಾನು ಕರೆಸಿದ್ದ ಮೇಸ್ತ್ರಿ ಬಂದರು. ನಾನು ಇನ್ನೂ ಕೀಲಿ ತಿರುಗಿಸುತ್ತಲೇ ಇದ್ದೆ.

"ಸೆಲ್ಫ್ ಹೊಡಿಯೋದು ನಿಲ್ಸಿರಿ ಸಾರ್. ಬ್ಯಾಟ್ರಿ ಸುಮ್ನೆ ಖಾಲಿ ಮಾಡಬ್ಯಾಡ್ರಿ. ಗಾಡಿಗೆ ಏನು ಬೇಕು? ಗಾಳಿ ಬೇಕು, ಪೆಟ್ರೋಲು ಬೇಕು, ಹೊತ್ತಿಗೆ ಸರಿಯಾಗಿ ಕಿಡಿ ಬೇಕು. ಯಾವುದು ಇಲ್ಲ ಅಂತ ಒಂದೊಂದೇ ಕೇಳೋಣ."

ಮೊದಲು ಗಾಳಿಯ ಶೋಧಕವನ್ನು ಬಿಚ್ಚಿ ನೋಡಿದರು. ಧೂಳಿತ್ತು, ಆದರೆ ದಾರಿ ಮುಚ್ಚಿರಲಿಲ್ಲ. ಅನಂತರ ಒಂದು ಸ್ಪಾರ್ಕ್ ಪ್ಲಗ್ಗನ್ನು ಕಳಚಿದರು. ಅದರ ತುದಿ ಪೆಟ್ರೋಲಿನಿಂದ ತೊಯ್ದಿತ್ತು. "ಪೆಟ್ರೋಲು ಬಂದೈತಿ, ಹೊತ್ತಿಕೊಂಡಿಲ್ಲ" ಎಂದರು. ಪಂಪಿನ ಮೇಲಿದ್ದ ನನ್ನ ಒದ್ದೆ ಬಟ್ಟೆ ಮರುಮಾತಿಲ್ಲದೆ ಕೆಳಗಿಳಿಯಿತು. ಪ್ಲಗ್ಗನ್ನೂ ಸುತ್ತಲೂ ಇದ್ದ ಪೆಟ್ರೋಲಿನ ಪಸೆಯನ್ನೂ ಚೆನ್ನಾಗಿ ಒರೆಸಿ, ಪ್ಲಗ್ಗಿಗೆ ತಂತಿ ಸಿಕ್ಕಿಸಿ, ಅದನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಕೀಲಿ ತಿರುಗಿಸಲು ಹೇಳಿದರು. ಕಿಡಿ ಹಾರಲಿಲ್ಲ. ಕಾಯಿಲಿನಿಂದ ಬರುವ ದಪ್ಪ ತಂತಿಯನ್ನು ಪರೀಕ್ಷಿಸಿದರು. ಅಲ್ಲಿಯೂ ಕಿಡಿಯಿಲ್ಲ. ಈಗ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ನಾನು ಬಗ್ಗಿ ನೋಡಿದೆ. ಒಳಗೆ ಒಂದು ಹನಿ ನೀರೂ ಇರಲಿಲ್ಲ.

"ಇಲ್ಲೈತಿ ನೋಡ್ರಿ" ಎಂದು ಮೇಸ್ತ್ರಿ ಎರಡು ಪುಟ್ಟ ಲೋಹದ ತುದಿಗಳನ್ನು ತೋರಿಸಿದರು. ಅವಕ್ಕೆ 'ಪಾಯಿಂಟ್' ಎಂದು ಹೆಸರು. ಅವು ಕೂಡಿದಾಗ ಕಾಯಿಲಿನಲ್ಲಿ ವಿದ್ಯುತ್ತು ಹರಿಯುತ್ತದೆ. ಬೇರ್ಪಟ್ಟಾಗ ಪ್ರವಾಹ ಥಟ್ಟನೆ ಕಡಿದು, ಬ್ಯಾಟರಿಯ 12 ವೋಲ್ಟು ಕಾಯಿಲಿನಲ್ಲಿ ಸಾವಿರಾರು ವೋಲ್ಟಾಗಿ ಚಿಮ್ಮುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದಕ್ಕೆ ಆಧಾರ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ತುದಿಗಳು 6000 ಬಾರಿ ಬೇರ್ಪಡಬೇಕು. ಅವುಗಳನ್ನು ತೆರೆಯುವ ಸಣ್ಣ ಹಿಮ್ಮಡಿಯಂಥ ಭಾಗ ಉಜ್ಜಿ ಉಜ್ಜಿ ಸವೆದಂತೆ ನಡುವಿನ ಅಂತರ ಕಿರಿದಾಗುತ್ತ ಬರುತ್ತದೆ. ನಮ್ಮ ಕಾರಿನಲ್ಲಿ ಅದು ಪೂರ್ತಿ ಮುಚ್ಚಿಹೋಗಿತ್ತು.

"ಇದು ಒಂದು ದಿನದಾಗ ಆಗಿದ್ದಲ್ಲ ಸಾರ್. ಎಷ್ಟು ದಿನ ಆತು ಇದನ್ನ ನೋಡಿಸಿ?"

ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವರ್ಷಗಳಿಂದ ನಾನು ಆ ಮುಚ್ಚಳವನ್ನು ತೆಗೆಸಿಯೇ ಇರಲಿಲ್ಲ.

ಮೇಸ್ತ್ರಿ ತುದಿಗಳನ್ನು ಅರದಿಂದ ನಯವಾಗಿ ಉಜ್ಜಿ, ತೆಳುವಾದ ಉಕ್ಕಿನ ಹಾಳೆಯೊಂದನ್ನು ನಡುವೆ ತೂರಿಸಿ ಅಂತರವನ್ನು ಸರಿಪಡಿಸಿದರು. ಒಂದು ಮಿಲಿಮೀಟರಿನ ಅರ್ಧಕ್ಕೂ ಕಡಿಮೆಯಾದ ಆ ಜಾಗಕ್ಕಾಗಿ ಇಡೀ ಕಾರು ಕಾದು ನಿಂತಿತ್ತು! ಮೊದಲ ಸುತ್ತಿಗೇ ಎಂಜಿನ್ ಗುಡುಗಿತು.

ನನ್ನ ಮನಸ್ಸಿಗೆ ಮಾತ್ರ ಸಮಾಧಾನವಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳ ಬರವಣಿಗೆಯನ್ನು ತಿದ್ದಿದವನು ನಾನು. ತಪ್ಪಿನ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಅದು ಎಲ್ಲಿಂದ ಹುಟ್ಟಿತೆಂದು ಎಷ್ಟು ಸಲ ಕೇಳಿದ್ದೇನೆ? ಮೇಸ್ತ್ರಿ ಕಾರನ್ನು ಪ್ರಶ್ನಿಸಿ ಅದು ಕೊಟ್ಟ ಉತ್ತರವನ್ನು ನಂಬಿದರು. ನಾನು ಹುಡುಗನನ್ನು ಏನೂ ಕೇಳಲಿಲ್ಲ. ಅವನಾಗಿಯೇ ಹೇಳಿದ ಸತ್ಯವನ್ನೂ ನಂಬಲಿಲ್ಲ.

ಕಾಂಪೌಂಡಿನ ಬಳಿಗೆ ಹೋಗಿ, ಎಲ್ಲರಿಗೂ ಕೇಳುವಂತೆ, "ತಪ್ಪು ನನ್ನದಪ್ಪ. ನಿನ್ನ ಮೇಲೆ ಸುಮ್ಮನೆ ಹೊರಿಸಿದೆ" ಎಂದೆ. ಹೇಳಿಕೊಳ್ಳುವಷ್ಟು ಸುಲಭವಾಗಿ ಆ ಮಾತು ಬಾಯಿಂದ ಹೊರಡಲಿಲ್ಲ. ಅವನು ನಾಚಿಕೊಂಡು, "ಇರಲಿ ತಾತ. ಆ ಪಾಯಿಂಟ್ ನನಗೂ ತೋರಿಸ್ತೀರಾ?" ಎಂದ. ಮೇಸ್ತ್ರಿ ನಗುತ್ತ ಮತ್ತೊಮ್ಮೆ ಮುಚ್ಚಳ ತೆಗೆದರು. ಮದುವೆಗೆ ನಾವು ಹೊರಟದ್ದು ಇನ್ನೂ ಕಾಲು ಗಂಟೆ ತಡವಾಗಿ.

ಹುಡುಗ ಈಗಲೂ ಭಾನುವಾರ ಕಾರು ತೊಳೆಯುತ್ತಾನೆ. ಆದರೆ ನೀರು ಮುಟ್ಟುವ ಮೊದಲು ಬಾನೆಟ್ಟು ತೆಗೆದು, ಡಿಸ್ಟ್ರಿಬ್ಯೂಟರಿಗೆ ಒಂದು ಪ್ಲಾಸ್ಟಿಕ್ ಚೀಲವನ್ನು ಜೋಪಾನವಾಗಿ ಕಟ್ಟುತ್ತಾನೆ. ಬೇಡವೆಂದರೂ ಕೇಳುವುದಿಲ್ಲ. ಆ ಚೀಲವನ್ನು ಕಂಡಾಗಲೆಲ್ಲ, ಅಂದು ನಾನಾಡಿದ ಮಾತು ಅವನ ಮನಸ್ಸಿನಿಂದ ಇನ್ನೂ ಪೂರ್ತಿ ಅಳಿದಿಲ್ಲವೆಂದು ನನಗೆ ತಿಳಿಯುತ್ತದೆ.