ಮೆಚ್ಚಿನ ಪುಸ್ತಕ ಯಾವುದು ಅಂತ ಕೇಳಿದರೆ

ಶಿವಮೊಗ್ಗದಲ್ಲಿ ನಾವು ಏಳೆಂಟು ಜನ ತಿಂಗಳ ಕೊನೆಯ ಭಾನುವಾರ ಒಂದು ಕಡೆ ಸೇರುತ್ತೇವೆ. ವಿನೋಬನಗರದ ಗೆಳತಿಯೊಬ್ಬಳ ಮನೆಯ ಮಹಡಿ, ಒಂದು ದೊಡ್ಡ ತಟ್ಟೆ ಮಂಡಕ್ಕಿ, ಎರಡು ಸುತ್ತು ಟೀ. ನಿಯಮ ಒಂದೇ. ಬಂದವರು ಮೂರು ಪುಸ್ತಕದ ಹೆಸರು ಹೇಳಬೇಕು: ಬಹಳ ಮೆಚ್ಚಿದ್ದು, ಈಗ ಓದುತ್ತಿರುವುದು, ಮುಂದೆ ಓದಬೇಕು ಅಂದುಕೊಂಡಿರುವುದು. ಇದಕ್ಕೆ ಸಂಘ ಅಂತ ಹೆಸರಿಟ್ಟಿಲ್ಲ, ಅಧ್ಯಕ್ಷರಿಲ್ಲ, ವಂದನಾರ್ಪಣೆ ಇಲ್ಲ. ಮೂರು ವರ್ಷದಿಂದ ನಿಲ್ಲದೆ ನಡೆಯುತ್ತಿರುವುದು ಅದಕ್ಕೇ ಇರಬೇಕು.

ಕಳೆದ ಜುಲೈನಲ್ಲಿ ಮಳೆ ಹಿಡಿದ ಒಂದು ಭಾನುವಾರ ನನ್ನ ಸರದಿ ಬಂತು. ಮೆಚ್ಚಿನ ಪುಸ್ತಕ 'ಮಲೆಗಳಲ್ಲಿ ಮದುಮಗಳು' ಅಂದೆ. ಯೋಚಿಸಲೇ ಇಲ್ಲ. ಹದಿಮೂರು ವರ್ಷದಿಂದ ಯಾರು ಕೇಳಿದರೂ ನಾನು ಹೇಳುವುದು ಅದನ್ನೇ. ಕೆಲಸದ ಸಂದರ್ಶನದಲ್ಲಿ ಹೇಳಿದ್ದೇನೆ, ಹುಡುಗನ ಕಡೆಯವರು ನೋಡಲು ಬಂದಾಗ ಹೇಳಿದ್ದೇನೆ, ತರಗತಿಯಲ್ಲಂತೂ ವರ್ಷಕ್ಕೊಮ್ಮೆ ಹೇಳುತ್ತೇನೆ. ಶಂಕರಘಟ್ಟದಲ್ಲಿ, ಕುವೆಂಪು ಅವರದೇ ಹೆಸರಿನ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಿದವಳು, ತೀರ್ಥಹಳ್ಳಿ ಸೀಮೆಯ ತಾಯಿಯ ಮಗಳು, ಇನ್ನೇನು ಹೇಳಲಿಕ್ಕಾಗುತ್ತದೆ?

ಅವತ್ತು ಗೆಳತಿಯ ಅಕ್ಕನ ಮಗಳು ಬಂದಿದ್ದಳು. ದ್ವಿತೀಯ ಪಿಯುಸಿ ಓದುವ ಹುಡುಗಿ, ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ನನ್ನ ಮಾತು ಕೇಳಿ ಅವಳ ಮುಖ ಅರಳಿತು. "ಮೇಡಂ, ಕೊನೆಗೆ ಹುಲಿಯ ಹೊಳೆ ಪಾಲಾಗೋದು ಓದಿ ನಾನು ಎರಡು ದಿನ ಅತ್ತಿದ್ದೆ. ನಿಮಗೂ ಹಾಗೇ ಆಯ್ತಾ?"

"ಹುಲಿಯ ಸಾಯ್ತದಾ?" ಅಂದುಬಿಟ್ಟೆ.

ಓದದವರಿಗೆ ಹೇಳುವುದಾದರೆ, ಹುಲಿಯ ಗುತ್ತಿಯ ನಾಯಿ. ಕಾದಂಬರಿಯ ಶುರುವಿನಲ್ಲೇ ಒಡೆಯನ ಜೊತೆ ಬರುತ್ತದೆ, ಹಾಗಾಗಿ ನನಗೆ ಅದರ ಪರಿಚಯ ಚೆನ್ನಾಗಿಯೇ ಇದೆ. ಮೊದಲ ನೂರು ಪುಟ ನನ್ನಷ್ಟು ಸಲ ಓದಿದವರು ಕಡಿಮೆ ಇರಬಹುದು. ನಾಲ್ಕು ಸಲ ಶುರು ಮಾಡಿ ನಾಲ್ಕು ಸಲವೂ ಅಲ್ಲೇ ಎಲ್ಲೋ ನಿಂತಿದ್ದೇನೆ. ಮೈಸೂರು ರಂಗಾಯಣ 2010ರಲ್ಲಿ ಅದನ್ನು ರಾತ್ರಿಯಿಡೀ ಒಂಬತ್ತು ಗಂಟೆಯ ನಾಟಕವಾಗಿ ಆಡಿದಾಗ ನೋಡಿ ಬಂದವರ ಮಾತು ಕೇಳಿ, ಅದರಿಂದ ಎರಡು ಮಾತು ಎತ್ತಿಕೊಂಡು ನನ್ನದೇ ಅಭಿಪ್ರಾಯದ ಹಾಗೆ ಹೇಳಿಕೊಂಡು ತಿರುಗಿದ್ದೂ ಇದೆ. ಉಳಿದ ಆರುನೂರು ಚಿಲ್ಲರೆ ಪುಟದಲ್ಲಿ ಏನಿದೆ ಎಂದು ನನಗೆ ಗೊತ್ತಿರಲಿಲ್ಲ.

ಯಾರೂ ನಗಲಿಲ್ಲ. ನಕ್ಕಿದ್ದರೆ ಪರವಾಗಿರಲಿಲ್ಲ. ಗೆಳತಿ ಟೀ ಬಗ್ಗಿಸಲು ಎದ್ದಳು. ಪಾಪ, ಆ ಹುಡುಗಿ ತಾನೇ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ಮಂಡಕ್ಕಿಯಲ್ಲಿ ಕಡಲೆಬೀಜ ಆರಿಸುತ್ತಾ ಕೂತಳು. ನಾನು ಮೂರನೇ ಹೆಸರು ಹೇಳಲೇ ಇಲ್ಲ.

ಹಾಗಾದರೆ ನಿಜವಾಗಿ ಮೆಚ್ಚಿದ್ದು ಯಾವುದು? ಮನೆಗೆ ಬಂದು ಇದನ್ನು ಕೇಳಿಕೊಂಡಾಗ ನೆನಪಾದದ್ದು ಭದ್ರಾವತಿಯ ಪೇಪರ್ ಟೌನಿನ ಕ್ವಾರ್ಟರ್ಸು, ಅದರ ಅಡುಗೆಮನೆಯ ಹೊಸ್ತಿಲು, ಅಲ್ಲಿ ಕಾಲು ಚಾಚಿ ಕೂತು ಓದುತ್ತಿದ್ದ ಅಮ್ಮ.

ಅಪ್ಪ ಮೈಸೂರು ಪೇಪರ್ ಮಿಲ್ಸಿನಲ್ಲಿದ್ದರು. ಕಾಗದ ತಯಾರಾಗುವ ಊರಿನಲ್ಲಿ ಬೆಳೆದವರಿಗೆ ಆ ವಾಸನೆಯ ಬಗ್ಗೆ ಹೇಳಬೇಕಿಲ್ಲ, ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ನೆಂಟರು ಬಸ್ಸಿಳಿದ ಕೂಡಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಬರುತ್ತಲೇ ಇರಲಿಲ್ಲ. ಅಪ್ಪ ಪುಸ್ತಕ ಓದುವವರಲ್ಲ. ಯಾರು ಯಾವ ಪುಸ್ತಕ ಕೊಟ್ಟರೂ ಒಂದು ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಬೆಳಕಿಗೆ ಹಿಡಿದು, "ನಮ್ಮದು" ಅಥವಾ "ನಮ್ಮದಲ್ಲ" ಅಂತ ಹೇಳಿ ವಾಪಸು ಕೊಡುತ್ತಿದ್ದರು. ಅವರ ವಿಮರ್ಶೆ ಅಷ್ಟೇ. ನನ್ನ ಶಾಲೆಯ ಪಠ್ಯಪುಸ್ತಕಗಳನ್ನೂ ಹಾಗೇ ನೋಡುತ್ತಿದ್ದರು. ಅವರು 2009ರಲ್ಲಿ ನಿವೃತ್ತರಾದರು, 2013ರಲ್ಲಿ ತೀರಿಕೊಂಡರು. ಯಂತ್ರಗಳು ನಿಂತದ್ದನ್ನು ಅವರು ನೋಡಲಿಲ್ಲ.

ಓದುತ್ತಿದ್ದವಳು ಅಮ್ಮ. ಮಾರ್ಕೆಟ್ಟಿನ ಹತ್ತಿರ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು, ಒಂದು ಮಳಿಗೆಯಷ್ಟು ಜಾಗ. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಉಷಾ ನವರತ್ನರಾಂ. ಎಲ್ಲಕ್ಕೂ ಒಂದೇ ಬಣ್ಣದ ರಟ್ಟು, ಮೂಲ ಮುಖಪುಟ ಎಂದೋ ಹರಿದುಹೋಗಿರುತ್ತಿತ್ತು. ದಿನಕ್ಕೆ ಒಂದು ರೂಪಾಯಿ ಬಾಡಿಗೆ. ಅಮ್ಮ ಎರಡು ದಿನಕ್ಕಿಂತ ಹೆಚ್ಚು ಯಾವುದನ್ನೂ ಇಟ್ಟುಕೊಳ್ಳುತ್ತಿರಲಿಲ್ಲ, ಲೆಕ್ಕ ಹಾಗಿತ್ತು.

ಒಂದು ತೊಂದರೆಯೆಂದರೆ, ಹೆಸರು ಮರೆತು ಓದಿದ್ದನ್ನೇ ಮತ್ತೆ ತರುವುದು. ಅದಕ್ಕೆ ಅಲ್ಲಿನ ಹೆಂಗಸರು ಒಂದು ಉಪಾಯ ಮಾಡಿಕೊಂಡಿದ್ದರು. ಓದಿ ಮುಗಿಸಿದ ಪುಸ್ತಕದಲ್ಲಿ ತಮಗೆ ಗೊತ್ತಿರುವ ಒಂದು ಪುಟದಲ್ಲಿ ಒಂದು ಗುರುತು. ಅಮ್ಮನದು 27ನೇ ಪುಟದ ಕೆಳಗೆ ಪೆನ್ಸಿಲ್ಲಿನ ಒಂದು ಚುಕ್ಕಿ. 27 ಯಾಕೆ ಅಂದರೆ ಹೇಳುತ್ತಿರಲಿಲ್ಲ. ಇನ್ಯಾರದೋ 'ಶ್ರೀ' ಇರುತ್ತಿತ್ತು, ಇನ್ಯಾರದೋ ನಕ್ಷತ್ರ. ಒಬ್ಬರು ಪುಟ್ಟ ಎಲೆ ಬರೆಯುತ್ತಿದ್ದರು. ಅಮ್ಮ ಪುಸ್ತಕ ಆರಿಸುವಾಗ ಮೊದಲು ಆ ಎಲೆಯನ್ನು ಹುಡುಕುತ್ತಿದ್ದಳು. "ಎಲೆಯವರು ಓದಿದಾರೆ ಅಂದ್ರೆ ಚೆನ್ನಾಗಿರತ್ತೆ ಕಣೇ" ಅನ್ನುತ್ತಿದ್ದಳು. ಎಲೆಯವರು ಯಾರು ಎಂದು ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ನಾವು ಮಹಡಿಯ ಮೇಲೆ ಮಂಡಕ್ಕಿ ಇಟ್ಟುಕೊಂಡು ಮಾಡುವುದನ್ನು ಅವರು ಮುಖವನ್ನೇ ನೋಡದೆ ಮಾಡುತ್ತಿದ್ದರು, ಅದೂ ಸುಳ್ಳು ಹೇಳಲು ಜಾಗವೇ ಇಲ್ಲದ ಹಾಗೆ.

ಊಟಕ್ಕೆ ಬಡಿಸುವಾಗ ಅಮ್ಮ ಕಥೆ ಹೇಳುತ್ತಿದ್ದಳು. ಸಾರಿಗೊಂದು ಅಧ್ಯಾಯ, ಮಜ್ಜಿಗೆಗೊಂದು ಅಧ್ಯಾಯ. ನನ್ನ ಬಾಲ್ಯದಲ್ಲಿ ನಾನು ಓದಿದ್ದಕ್ಕಿಂತ ಕೇಳಿದ ಕಾದಂಬರಿಗಳೇ ಹೆಚ್ಚು.

ಎಂ.ಎ. ಎರಡನೇ ವರ್ಷದಲ್ಲಿದ್ದಾಗ, 2011ರಲ್ಲಿ, ಒಂದು ಸಂಜೆ ಬಿ.ಆರ್.ಪಿ. ಕಡೆಯ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಸುಸ್ತಾಗಿ ಊಟಕ್ಕೆ ಕೂತಿದ್ದೆ. ಆಗಷ್ಟೇ ನವ್ಯ, ನವ್ಯೋತ್ತರ, ಸಂವೇದನೆ ಎಂಬ ಮಾತುಗಳನ್ನೆಲ್ಲ ಕಲಿತಿದ್ದ ಉಮೇದು. ಅಮ್ಮ ಯಾವುದೋ ಕಾದಂಬರಿಯ ಕಥೆ ಶುರು ಮಾಡಿದಳು. "ಅಮ್ಮಾ, ಅದೆಲ್ಲ ಅಡುಗೆಮನೆ ಸಾಹಿತ್ಯ. ಅದನ್ನ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ" ಅಂದೆ. ಆ ಮಾತು ನನ್ನದಲ್ಲ, ಹೆಂಗಸರ ಬರವಣಿಗೆಯನ್ನು ಹೀಗಳೆಯಲು ಕನ್ನಡದಲ್ಲಿ ಬಹಳ ಹಿಂದಿನಿಂದ ಬಳಸಿದ ಮಾತು. ಎರವಲು ತಂದು ಅವಳ ಮೇಲೆ ಎಸೆದೆ.

"ಹೌದಾ? ಇರಬಹುದು ಬಿಡು" ಅಂದು ಅಮ್ಮ ಸಾರಿನ ಪಾತ್ರೆ ಒಳಗಿಟ್ಟಳು.

ಅವಳು ಆಮೇಲೆ ನನಗೆ ಕಥೆ ಹೇಳಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಸುಮ್ಮನೆ ಹೇಳಲಿಲ್ಲ. ನನ್ನ ಗಮನಕ್ಕೆ ಬರುವ ಹೊತ್ತಿಗೆ ಅಪ್ಪ ಹೋಗಿದ್ದರು, ಲೈಬ್ರರಿ ಮುಚ್ಚಿತ್ತು, ಆ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು. ಪುಸ್ತಕಗಳನ್ನು ರದ್ದಿಗೆ ಹಾಕಿದರಂತೆ. ಹಳೆ ಪುಸ್ತಕದ ರಾಶಿ ಎಲ್ಲಿ ಕಂಡರೂ ನಾನು ಈಗಲೂ 27ನೇ ಪುಟ ತೆಗೆದು ನೋಡುತ್ತೇನೆ. ಚುಕ್ಕಿ ಇನ್ನೂ ಸಿಕ್ಕಿಲ್ಲ.

ಜುಲೈನ ಆ ಭಾನುವಾರದ ಮರುವಾರ ಭದ್ರಾವತಿಗೆ ಹೋದೆ. ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರೂ ಇಲ್ಲ, ಆದರೂ ಹೋಗುವುದು ತಿಂಗಳಿಗೊಮ್ಮೆ. ಅಮ್ಮನಿಗೆ ಒಂದು ಕಣ್ಣಿನ ಪೊರೆ ತೆಗೆದಿತ್ತು, ಇನ್ನೊಂದು ಬಾಕಿ. ಮಂಡಕ್ಕಿ ಕಲಸಿಟ್ಟುಕೊಂಡು, ನಮ್ಮ ನಿಯಮ ಹೇಳಿ, "ನಿನ್ನ ಮೂರು ಪುಸ್ತಕ ಹೇಳು" ಅಂದೆ. ನಾಯಿಯ ಪ್ರಸಂಗವನ್ನೂ ಹೇಳಿದೆ. ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ, "ಮೆಚ್ಚಿದ್ದು ಅಂದ್ರೆ 'ಫಣಿಯಮ್ಮ'. ಐದು ಸಲ ಓದಿದೀನಿ" ಅಂದಳು.

ನನಗೆ ಮುಖ ಎಲ್ಲಿಡಬೇಕು ಎಂದು ತಿಳಿಯಲಿಲ್ಲ. 'ಫಣಿಯಮ್ಮ'ದ ಮೇಲೆ ನಾನು ಎಂ.ಎ.ನಲ್ಲಿ ಸೆಮಿನಾರ್ ಪ್ರಬಂಧ ಬರೆದಿದ್ದೆ. ಅದು 1976ರ ಕಾದಂಬರಿ, ಪ್ರೇಮಾ ಕಾರಂತರು ಸಿನಿಮಾ ಮಾಡಿದರು, ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದರು, ಎಲ್ಲ ಗೊತ್ತು. ಅಡುಗೆಮನೆ ಸಾಹಿತ್ಯ ಅಂದ ವರ್ಷವೇ ಬರೆದ ಪ್ರಬಂಧ ಅದು! ಅಮ್ಮನ ಲೈಬ್ರರಿಯ ಇಂದಿರಾ ಮತ್ತು ನನ್ನ ಪ್ರಬಂಧದ ಎಂ.ಕೆ. ಇಂದಿರಾ ಒಬ್ಬರೇ ಎಂಬುದು ಗೊತ್ತಿದ್ದೂ ನಾನು ಅವರನ್ನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೆ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ಶಾಲೆಯನ್ನು ಬೇಗ ಬಿಟ್ಟು, ನಲವತ್ತೈದು ದಾಟಿದ ಮೇಲೆ 'ತುಂಗಭದ್ರಾ' ಪ್ರಕಟಿಸಿದ ಹೆಂಗಸು ಅವರು. ನಮ್ಮ ಶಿವಮೊಗ್ಗದ ಕರ್ನಾಟಕ ಸಂಘ, 1930ರಿಂದ ಇರುವ ಸಂಸ್ಥೆ, ಮಹಿಳೆಯರ ಕೃತಿಗೆ ಕೊಡುವ ಪುಸ್ತಕ ಬಹುಮಾನವನ್ನು ಅವರ ಹೆಸರಿನಲ್ಲೇ ಕೊಡುತ್ತದೆ. ಆ ಸಮಾರಂಭಕ್ಕೆ ಹೋಗಿ ಚಪ್ಪಾಳೆ ತಟ್ಟಿ ಬಂದವಳು ನಾನು.

"ಐದು ಸಲ ಯಾಕಮ್ಮ?" ಅಂದೆ.

"ನಮ್ಮೂರಲ್ಲಿ ಪಕ್ಕದ ಮನೆ ಅಜ್ಜಿ ಒಬ್ಬರಿದ್ರು, ತಲೆ ಬೋಳಿಸಿ ಕೆಂಪು ಸೀರೆ ಉಡ್ಸಿದ್ರು. ನಾವು ಮಕ್ಕಳು ಅವರನ್ನ ಮುಟ್ಟದ ಹಾಗೆ ಓಡಾಡಬೇಕಿತ್ತು. ಅವರಿಗೂ ಮನಸ್ಸಲ್ಲಿ ಏನೋ ಇತ್ತು ಅಂತ ನನಗೆ ಆ ಪುಸ್ತಕ ಓದೋವರೆಗೂ ಹೊಳೆದಿರಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಆ ದಾಕ್ಷಾಯಣಿ ಕೂದಲು ತೆಗೆಸಲ್ಲ ಅಂತ ಹಟ ಹಿಡೀತಾಳಲ್ಲ, ಆಗ ಫಣಿಯಮ್ಮ ಅವಳ ಪರ ನಿಲ್ತಾಳೆ. ತಾನು ಪಟ್ಟಿದ್ದನ್ನ ಇನ್ನೊಬ್ಬಳು ಪಡಲಿ ಅನ್ನಲ್ಲ. ಅಲ್ಲಿಗೆ ಬಂದಾಗ ಪ್ರತಿ ಸಲನೂ ಓದೋದು ನಿಲ್ಸಿ ನೀರು ಕುಡಿದು ಬರ್ತಿದ್ದೆ."

ನನ್ನ ಪ್ರಬಂಧ ಹದಿನಾಲ್ಕು ಪುಟದ್ದು. ಅದರಲ್ಲಿ ದಾಕ್ಷಾಯಣಿ ಇದ್ದಾಳೆ, ನೀರು ಕುಡಿದು ಬರುವಂಥದ್ದು ಏನೂ ಇಲ್ಲ.

"ಅವತ್ತು ನಾನು ಹಾಗೆ ಅನ್ನಬಾರದಿತ್ತು" ಅಂದೆ. ಯಾವತ್ತು ಎಂದು ಅವಳು ಕೇಳಲಿಲ್ಲ. "ಮಂಡಕ್ಕಿ ಮೆತ್ತಗಾಗತ್ತೆ, ತಿನ್ನು" ಅಂದಳು.

ಈಗ ಓದುತ್ತಿರುವುದು ಏನು ಎಂಬ ಕಾಲಂ ಖಾಲಿ ಇತ್ತು. ಡಾಕ್ಟರು ಕಣ್ಣಿಗೆ ಹೆಚ್ಚು ಕೆಲಸ ಕೊಡಬೇಡಿ ಅಂದಿದ್ದರು. ಹಾಗಾಗಿ ಆಗಸ್ಟಿನಿಂದ ನಾವಿಬ್ಬರೂ ಒಂದೇ ಪುಸ್ತಕ ಓದುತ್ತಿದ್ದೇವೆ. ರಾತ್ರಿ ಊಟವಾದ ಮೇಲೆ ನಾನು ಶಿವಮೊಗ್ಗದಿಂದ ಫೋನಿನಲ್ಲಿ ಓದುತ್ತೇನೆ, ಅವಳು ಭದ್ರಾವತಿಯಲ್ಲಿ ಸ್ಪೀಕರ್ ಹಾಕಿಕೊಂಡು ಕೇಳುತ್ತಾಳೆ. ಪುಸ್ತಕ ಯಾವುದೆಂದು ನೀವು ಊಹಿಸಿರುತ್ತೀರಿ.

ನಾನು ನೂರನೇ ಪುಟದ ಹತ್ತಿರ ಯಾಕೆ ನಿಲ್ಲುತ್ತಿದ್ದೆ ಎಂಬುದು ಈಗ ಗೊತ್ತಾಗಿದೆ. ಊರುಗಳು, ಮನೆಗಳು, ಮನುಷ್ಯರು ಗುಂಪುಗುಂಪಾಗಿ ಬರುತ್ತಾರೆ, ಯಾರು ಎಲ್ಲಿಯವರೆಂದು ಕಲಸಿಹೋಗುತ್ತದೆ. ಅಮ್ಮನಿಗೆ ಹಾಗಾಗುವುದಿಲ್ಲ. ಗುತ್ತಿ ಸಿಂಬಾವಿಯವನು, ತಿಮ್ಮಿ ಬೆಟ್ಟಳ್ಳಿಯವಳು, ಮುಕುಂದಯ್ಯ ಕೋಣೂರು, ಚಿನ್ನಮ್ಮ ಹೂವಳ್ಳಿ ಎಂದು ಕ್ಯಾಲೆಂಡರಿನ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ, ಮದುವೆಮನೆಯಲ್ಲಿ ನೆಂಟರನ್ನು ಗುರುತಿಸುವ ಹಾಗೆ. ನನಗೆ ಅಡ್ಡ ಬಂದ ಪದಗಳು ಅವಳಿಗೆ ತವರಿನ ಪದಗಳು. ತಡಬೆ, ಉಣುಗೋಲು ಎರಡೂ ಒಂದೇ ಎಂದು ನಾನು ದಾಟಿಸಿಕೊಂಡು ಹೋಗುತ್ತಿದ್ದೆ. "ಅಲ್ವೇ, ತಡಬೆ ಅಂದ್ರೆ ಹತ್ತಿ ಇಳಿಯೋದು, ಉಣುಗೋಲು ಅಂದ್ರೆ ಗಳ ಸರಿಸಿ ದಾಟೋದು. ದನಕ್ಕೆ ಉಣುಗೋಲು ತೆಗೀಬೇಕು, ತಡಬೆ ಮನುಷ್ಯರಿಗೆ" ಅಂತ ನಿಲ್ಲಿಸಿ ಹೇಳಿದಳು. ಕಂಬಳಿಕೊಪ್ಪೆ ಬಂದ ದಿನ ಓದು ಮುಂದೆ ಹೋಗಲೇ ಇಲ್ಲ, ಅವಳ ಅಪ್ಪ ಮಳೆಯಲ್ಲಿ ಗದ್ದೆಗೆ ಹೊರಡುತ್ತಿದ್ದ ಕಥೆಯೇ ಮುಕ್ಕಾಲು ಗಂಟೆ ಆಯಿತು. ಹೀಗಾಗಿ ದಿನಕ್ಕೆ ಮೂರು ನಾಲ್ಕು ಪುಟ. ಇನ್ನೂರು ದಾಟಿದ್ದೇವೆ. ನನ್ನ ಮಟ್ಟಿಗೆ ಇದು ದಾಖಲೆ.

ಹುಲಿಯನ ವಿಷಯ ಹೇಳುವಾಗ ಯಾವ ಕಾದಂಬರಿಯೆಂದು ಹೇಳಿರಲಿಲ್ಲ, ನಾಯಿಯ ಹೆಸರನ್ನೂ ಹೇಳಿರಲಿಲ್ಲ. ಅವಳು ದಿನಾ ಕೇಳುತ್ತಾಳೆ, "ಆ ನಾಯಿ ಎಲ್ಲಿ ಹೋಯ್ತು ಇವತ್ತು?" ನಾನು ಬರತ್ತೆ ಬರತ್ತೆ ಅನ್ನುತ್ತೇನೆ.

ಇನ್ನು ಓದಬೇಕಾದ ಪಟ್ಟಿ. ಅಮ್ಮನದು ಮೂರೇ. ಒಂದು ಬಾನು ಮುಷ್ತಾಕ್ ಅವರ ಕಥೆಗಳು. ಬೂಕರ್ ಬಂದ ಸುದ್ದಿಯಲ್ಲಿ, ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸುವಾಗ ಆರು ತಿಂಗಳಲ್ಲಿ ಕನ್ನಡ ಕಲಿತರೆ ಮಾತ್ರ ಎಂಬ ಷರತ್ತು ಹಾಕಿದ್ದರು ಅಂತ ಕೇಳಿ ಅಮ್ಮನಿಗೆ ಬಹಳ ಖುಷಿಯಾಗಿದೆ. "ನೋಡು, ನಮ್ಮೂರಲ್ಲೇ ಅಕ್ಷರ ಕಲಿತವರು!" ಎರಡು, 'ತುಂಗಭದ್ರಾ' ಮತ್ತೊಮ್ಮೆ. ಎರಡನ್ನೂ ತಂದಿಟ್ಟಿದ್ದೇನೆ.

ಮೂರನೆಯದಕ್ಕೆ ಹೆಸರಿಲ್ಲ. 1997ರಲ್ಲಿ ಅಪ್ಪನನ್ನು ಇದ್ದಕ್ಕಿದ್ದ ಹಾಗೆ ಆಸ್ಪತ್ರೆಗೆ ಸೇರಿಸಿದಾಗ ಅವಳು ಅರ್ಧ ಓದಿದ್ದ ಕಾದಂಬರಿ. ಬಾಡಿಗೆ ಏರುತ್ತದೆಂದು ಪಕ್ಕದ ಮನೆಯವರ ಕೈಲಿ ವಾಪಸು ಕಳಿಸಿದಳು. ಅಪ್ಪ ಹುಷಾರಾಗಿ ಬಂದ ಮೇಲೆ ಹೋಗಿ ನೋಡಿದರೆ ಯಾರೋ ಒಯ್ದಿದ್ದರು, ಮತ್ತೆ ಕಣ್ಣಿಗೆ ಬೀಳಲಿಲ್ಲ. ಬರೆದವರು ಯಾರೆಂದು ನೆನಪಿಲ್ಲ, ಮೊದಲ ಹಾಳೆಯೇ ಇರಲಿಲ್ಲವಂತೆ. ಅವಳಿಗೆ ನೆನಪಿರುವುದು ಇಷ್ಟು: ಒಬ್ಬ ಹುಡುಗಿ ರಾತ್ರಿ ಬೀರೂರು ಜಂಕ್ಷನ್ನಿನಲ್ಲಿ ಶಿವಮೊಗ್ಗದ ಗಾಡಿಗೆ ಬದಲಾಯಿಸಲು ಇಳಿಯುತ್ತಾಳೆ, ಅವಳ ಟ್ರಂಕು ಬಂದ ಗಾಡಿಯಲ್ಲೇ ಉಳಿದುಹೋಗುತ್ತದೆ, ಅದರಲ್ಲಿ ಒಂದು ಕಾಗದ ಇರುತ್ತದೆ. ಆ ಕಾಗದದಲ್ಲಿ ಏನಿತ್ತು ಎಂಬುದು ಅವಳಿಗೆ ಇಪ್ಪತ್ತೆಂಟು ವರ್ಷದಿಂದ ಗೊತ್ತಾಗಬೇಕಿದೆ.

ನಮ್ಮ ಭಾನುವಾರದ ಗುಂಪಿನಲ್ಲಿ ಕೇಳಿದೆ, ಯಾರಿಗೂ ಗೊತ್ತಿಲ್ಲ. ಆ ಪಿಯುಸಿ ಹುಡುಗಿ ಅಜ್ಜಿಯನ್ನು ಕೇಳಿ ಬರುತ್ತೇನೆ ಅಂದಿದ್ದಾಳೆ. ನಿಮ್ಮ ಮನೆಯ ಅಟ್ಟದಲ್ಲಿ, ನಿಮ್ಮ ಅತ್ತೆಯ, ಚಿಕ್ಕಮ್ಮನ ನೆನಪಿನಲ್ಲಿ ಅಂಥದ್ದೊಂದು ಕಾದಂಬರಿ ಇದ್ದರೆ ದಯವಿಟ್ಟು ತಿಳಿಸಿ. 27ನೇ ಪುಟದಲ್ಲಿ ಗುರುತು ಹುಡುಕಬೇಡಿ. ಓದಿ ಮುಗಿಸಿದ ಮೇಲೇ ಅಮ್ಮ ಚುಕ್ಕಿ ಇಡುತ್ತಿದ್ದದ್ದು.