ಕಡಲು ದಾಟಿ ಬಂದ ಬಂದರು

ಫ್ರಾನ್ಸಿನ ಉತ್ತರ ಕರಾವಳಿಯ ನಾರ್ಮಂಡಿ ಪ್ರಾಂತ್ಯದಲ್ಲಿ ಅರೊಮಾಂಶ್-ಲೆ-ಬ್ಯಾಂ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಐನೂರರ ಆಸುಪಾಸು. ಹೆಸರಿನ ಕೊನೆಯ ‘ಬ್ಯಾಂ’ ಎಂದರೆ ಸ್ನಾನ. ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರಸ್ನಾನದ ಗೀಳು ಹಬ್ಬಿದಾಗ ಈ ಊರೂ ಬೇಸಿಗೆಯ ವಿಹಾರತಾಣವಾಯಿತು. ಎರಡೂ ಪಕ್ಕದಲ್ಲಿ ಕಡಿದಾದ ಗುಡ್ಡ, ನಡುವಿನ ತಗ್ಗಿನಲ್ಲಿ ಒತ್ತೊತ್ತಾಗಿ ಮನೆಗಳು, ಎದುರಿಗೆ ಅಗಲವಾದ ಮರಳ ದಂಡೆ. ಇಷ್ಟೇ ಆಗಿದ್ದರೆ ಇಂಥ ಊರುಗಳು ಆ ಕರಾವಳಿಯಲ್ಲಿ ಹತ್ತಾರಿವೆ.

ಆದರೆ ಗುಡ್ಡದ ಮೇಲೆ ನಿಂತು ಸಮುದ್ರದತ್ತ ನೋಡಿದವರಿಗೆ ಬೇರೊಂದು ನೋಟ ಕಾಣುತ್ತದೆ. ನೀರಿನ ನಡುವೆ ಕಮಾನಿನಾಕಾರದಲ್ಲಿ ಕಪ್ಪನೆಯ ದೈತ್ಯ ಆಕೃತಿಗಳು ಸಾಲಾಗಿ ನಿಂತಿವೆ. ದೂರದಿಂದ ಬಂಡೆಗಳಂತೆ ಕಾಣುವ ಇವು ಬಂಡೆಗಳಲ್ಲ. 1944ರಲ್ಲಿ ಇಂಗ್ಲೆಂಡಿನಿಂದ ಎಳೆದು ತಂದ ಬಂದರೊಂದರ ಅವಶೇಷಗಳು.

ಸೋಲು ಕಲಿಸಿದ ಪಾಠ

ಬಂದರನ್ನು ಎಳೆದು ತರುವುದೆಂದರೇನು? ಅದನ್ನು ತಿಳಿಯಲು 1942ರ ಆಗಸ್ಟ್ 19ಕ್ಕೆ ಹೋಗಬೇಕು. ಆಗ ಫ್ರಾನ್ಸ್ ಹಿಟ್ಲರನ ವಶದಲ್ಲಿತ್ತು. ಅಂದು ಮಿತ್ರಪಕ್ಷದ ಸುಮಾರು ಆರು ಸಾವಿರ ಸೈನಿಕರು ಇದೇ ಕರಾವಳಿಯ ದಿಯೆಪ್ ಬಂದರಿನ ಮೇಲೆ ದಾಳಿ ಮಾಡಿದರು. ಅವರಲ್ಲಿ ಹೆಚ್ಚಿನವರು ಕೆನಡಾದವರು. ಕೆಲವೇ ಗಂಟೆಗಳಲ್ಲಿ ದಾಳಿ ಮುರಿದುಬಿತ್ತು. ಕೆನಡಾದ ಒಂಬೈನೂರಕ್ಕೂ ಹೆಚ್ಚು ಸೈನಿಕರು ಸತ್ತರು. ಅದಕ್ಕಿಂತಲೂ ಹೆಚ್ಚು ಮಂದಿ ಸೆರೆಸಿಕ್ಕರು. ಕಾವಲಿರುವ ಬಂದರನ್ನು ಎದುರಿನಿಂದ ಹಿಡಿಯುವುದು ಅಸಾಧ್ಯವೆಂಬ ಕಹಿ ಸತ್ಯ ಅಂದು ಮನವರಿಕೆಯಾಯಿತು.

ಹಾಗೆಂದು ಬಂದರಿಲ್ಲದೆ ನಡೆಯುವಂತೆಯೂ ಇರಲಿಲ್ಲ. ಲಕ್ಷಾಂತರ ಸೈನಿಕರಿಗೆ ದಿನದಿನವೂ ಅನ್ನ, ಇಂಧನ, ಮದ್ದುಗುಂಡು ಒದಗಬೇಕು. ನಾರ್ಮಂಡಿಯ ಈ ದಂಡೆಯಲ್ಲಿ ಉಬ್ಬರ-ಇಳಿತದ ನಡುವೆ ನೀರಿನ ಮಟ್ಟ ಇಪ್ಪತ್ತು ಅಡಿಗೂ ಹೆಚ್ಚು ಏರಿಳಿಯುತ್ತದೆ. ಹಡಗು ದಂಡೆಗೆ ತಾಗಿ ನಿಲ್ಲುವುದು ಸಾಧ್ಯವಿಲ್ಲ. ನೀರಿನೊಂದಿಗೆ ತಾನೂ ಏರಿಳಿಯುವ ತೇಲುವ ಕಟ್ಟೆ ಬೇಕೆಂದು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ 1942ರ ಮೇ ತಿಂಗಳಲ್ಲೇ ಒಂದು ಟಿಪ್ಪಣಿ ಬರೆದು ಕಳಿಸಿದ್ದರು. ಅದು ಹೋದದ್ದು ಮುಂದೆ ಭಾರತದ ಕೊನೆಯ ವೈಸ್‌ರಾಯ್ ಆಗಿ ಬಂದ ಮೌಂಟ್‌ಬ್ಯಾಟನ್ ಅವರಿಗೆ.

ಹಿಪ್ಪುನೇರಳೆಯ ಹೆಸರಿನಲ್ಲಿ

ಯೋಜನೆಯ ಗುಪ್ತನಾಮ ‘ಮಲ್ಬೆರಿ’. ನಮ್ಮ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆ. ಬ್ರಿಟನ್ನಿನ ಹಲವು ಕಡೆ ಸಾವಿರಾರು ಕಾರ್ಮಿಕರು ಕಾಂಕ್ರೀಟಿನ ಪೆಟ್ಟಿಗೆಗಳನ್ನು ಕಟ್ಟಿದರು. ಒಳಗೆ ಟೊಳ್ಳು, ಆದ್ದರಿಂದ ತೇಲುತ್ತವೆ. ದೊಡ್ಡ ಪೆಟ್ಟಿಗೆಯೊಂದರ ಉದ್ದ ಸುಮಾರು 60 ಮೀಟರ್, ಎತ್ತರ ಆರಂತಸ್ತಿನ ಮನೆಯಷ್ಟು, ತೂಕ 6,000 ಟನ್. ಇವನ್ನು ಎಳೆಹಡಗುಗಳಿಗೆ ಕಟ್ಟಿ, ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿಸಿ, ಗೊತ್ತಾದ ಜಾಗದಲ್ಲಿ ಒಳಗೆ ನೀರು ತುಂಬಿಸಿ ಮುಳುಗಿಸಿದರೆ ಅಲೆ ತಡೆಯುವ ಗೋಡೆ ಸಿದ್ಧ. ಗೋಡೆಯ ಒಳಗೆ ತೇಲುವ ಕಟ್ಟೆ. ಅಲ್ಲಿಂದ ದಂಡೆಯವರೆಗೆ ತೇಲುವ ಉಕ್ಕಿನ ರಸ್ತೆ.

1944ರ ಜೂನ್ 6ರಂದು ಸುಮಾರು 1,56,000 ಸೈನಿಕರು ನಾರ್ಮಂಡಿಯಲ್ಲಿ ಇಳಿದರು. ಅರೊಮಾಂಶ್‌ನ ಎದುರಿಗೆ ಮಾತ್ರ ಯಾರೂ ಇಳಿಯಲಿಲ್ಲ. ಒಡೆದ ದೋಣಿ, ಸುಟ್ಟ ಟ್ಯಾಂಕುಗಳಿಂದ ಬಂದರಿನ ಜಾಗ ಕೆಡಬಾರದೆಂಬುದು ಉದ್ದೇಶ. ಪಕ್ಕದ ದಂಡೆಯಲ್ಲಿ ಇಳಿದ ಬ್ರಿಟಿಷ್ ಪಡೆ ಸಂಜೆಯೊಳಗೆ ಊರನ್ನು ಬಿಡಿಸಿತು. ಮರುದಿನವೇ ಬಂದರಿನ ಕೆಲಸ ಆರಂಭ.

ಜೂನ್ 19ರಂದು ಭಾರಿ ಬಿರುಗಾಳಿ ಎದ್ದು ಮೂರು ದಿನ ಬೀಸಿತು. ಅಮೆರಿಕನ್ನರು ಪಶ್ಚಿಮಕ್ಕೆ ನಿರ್ಮಿಸಿದ್ದ ಇನ್ನೊಂದು ಮಲ್ಬೆರಿ ಬಂದರು ಪುಡಿಯಾಯಿತು. ಅರೊಮಾಂಶ್‌ನದು ಜಖಂಗೊಂಡರೂ ಉಳಿಯಿತು. ಹಾಳಾದ ಬಂದರಿನ ಭಾಗಗಳನ್ನೇ ತಂದು ದುರಸ್ತಿ ಮಾಡಿದರು. ಮೂರು ತಿಂಗಳು ಬಾಳಿದರೆ ಸಾಕೆಂದು ಕಟ್ಟಿದ್ದು ಚಳಿಗಾಲ ಹತ್ತಿರವಾಗುವವರೆಗೂ ದುಡಿಯಿತು.

ಇಳಿತದ ಹೊತ್ತಿನಲ್ಲಿ ಕೆಲವು ತುಂಡುಗಳ ಬಳಿಗೆ ನಡೆದೇ ಹೋಗಬಹುದು. ಮಕ್ಕಳು ಪಕ್ಕದಲ್ಲಿ ಮರಳಿನ ಗೋಪುರ ಕಟ್ಟುತ್ತಿರುತ್ತಾರೆ. ಕಾಂಕ್ರೀಟು ಬಿರಿದಿದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ಸಮುದ್ರ ಅದನ್ನು ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಿದೆ. ದಂಡೆಯಲ್ಲೇ ಇರುವ ವಸ್ತುಸಂಗ್ರಹಾಲಯ 1954ರಲ್ಲಿ ಆರಂಭವಾದದ್ದು. 2023ರಲ್ಲಿ ಅದಕ್ಕೆ ಹೊಸ ಕಟ್ಟಡವಾಯಿತು. ಅಲ್ಲಿನ ಮಾದರಿಗಳನ್ನು ನೋಡಿದ ಮೇಲೆ ಕಿಟಕಿಯಾಚೆಯ ಅವಶೇಷಗಳು ಅರ್ಥವಾಗುತ್ತವೆ.

ಊರಿನಿಂದ ಪಶ್ಚಿಮಕ್ಕೆ ಆರೇಳು ಕಿಲೋಮೀಟರ್ ದೂರದ ಲಾಂಗ್-ಸುರ್-ಮೆರ್‌ನಲ್ಲಿ ಹೊಲಗಳ ನಡುವೆ ಜರ್ಮನ್ನರ ನಾಲ್ಕು ಕಾಂಕ್ರೀಟ್ ಗೂಡುಗಳಿವೆ. ಫಿರಂಗಿಗಳು ಇನ್ನೂ ಅಲ್ಲೇ ಇವೆ. ಜೂನ್ 6ರಂದು ಹಡಗುಗಳ ಮೇಲೆ ಗುಂಡು ಹಾರಿಸಿದ ಇವು ಮರುದಿನ ಬ್ರಿಟಿಷರ ವಶವಾದವು.

ನೂಲಿನಲ್ಲಿ ಬರೆದ ಚರಿತ್ರೆ

ಅರೊಮಾಂಶ್‌ನಿಂದ ಒಳನಾಡಿಗೆ ಹತ್ತು ಕಿಲೋಮೀಟರ್ ಹೋದರೆ ಬಾಯೂ ಪಟ್ಟಣ. ನಾರ್ಮಂಡಿಯ ಕದನದಲ್ಲಿ ಸುಮಾರು ಇಪ್ಪತ್ತು ಸಾವಿರ ನಾಗರಿಕರು ಸತ್ತರು. ಕಾಂ ನಗರ ಬಾಂಬಿಗೆ ನೆಲಸಮವಾಯಿತು. ಬಾಯೂ ಮಾತ್ರ ಜೂನ್ 7ರಂದೇ ಬಿಡುಗಡೆಯಾಗಿ, ಹೆಚ್ಚು ಹಾನಿಯಿಲ್ಲದೆ ಉಳಿಯಿತು. 1077ರಲ್ಲಿ ಪ್ರತಿಷ್ಠಾಪನೆಯಾದ ಅದರ ಕ್ಯಾಥೆಡ್ರಲ್ ಇಂದಿಗೂ ಊರಿನ ಮನೆಗಳ ಮೇಲೆ ತಲೆಯೆತ್ತಿ ನಿಂತಿದೆ.

ಈ ಊರಿನ ಖ್ಯಾತಿಗೆ ಕಾರಣ ಒಂದು ಬಟ್ಟೆ. ಸುಮಾರು 70 ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ನಾರುಬಟ್ಟೆಯ ಮೇಲೆ ಬಣ್ಣದ ಉಣ್ಣೆಯ ನೂಲಿನಲ್ಲಿ ಕಸೂತಿ ಹಾಕಿ ಒಂದು ಯುದ್ಧದ ಕಥೆ ಹೇಳಲಾಗಿದೆ. 1066ರಲ್ಲಿ ನಾರ್ಮಂಡಿಯ ದೊರೆ ವಿಲಿಯಂ ಇದೇ ಕಡಲ್ಗಾಲುವೆ ದಾಟಿ, ಹೇಸ್ಟಿಂಗ್ಸ್ ಕದನದಲ್ಲಿ ಹೆರಾಲ್ಡ್‌ನನ್ನು ಸೋಲಿಸಿ, ಇಂಗ್ಲೆಂಡಿನ ಸಿಂಹಾಸನ ಏರಿದ ಕಥೆ. ಮರ ಕಡಿಯುವುದು, ದೋಣಿ ಕಟ್ಟುವುದು, ಕುದುರೆಗಳನ್ನು ಸಾಗಿಸುವುದು, ಅಡುಗೆ ಬೇಯಿಸುವುದು ಎಲ್ಲವೂ ಅದರಲ್ಲಿವೆ. ಆಕಾಶದಲ್ಲಿ ಹ್ಯಾಲಿ ಧೂಮಕೇತು ಕೂಡ. ಕಸೂತಿ ಹಾಕಿದ್ದು ಬಹುಶಃ ಇಂಗ್ಲೆಂಡಿನಲ್ಲಿ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ, ಗೆದ್ದವರ ಕಥೆಯನ್ನು ಸೋತವರ ಕೈಗಳೇ ಹೊಲಿದವು.

ಬಾಯೂವಿನ ಅಂಚಿನಲ್ಲಿ ಕಾಮನ್‌ವೆಲ್ತ್ ಸೈನಿಕರ ಸ್ಮಶಾನವಿದೆ. ಹಸಿರು ಹುಲ್ಲಿನ ನಡುವೆ ಬಿಳಿ ಕಲ್ಲುಗಳ ಸಾಲು. ಕಾಮನ್‌ವೆಲ್ತ್ ದೇಶಗಳ 4,100ಕ್ಕೂ ಹೆಚ್ಚು ಮಂದಿಯೊಂದಿಗೆ, ಅವರ ಎದುರಾಳಿಗಳಾಗಿದ್ದ ನೂರಾರು ಜರ್ಮನ್ನರೂ ಇಲ್ಲೇ ಮಲಗಿದ್ದಾರೆ. ಕಲ್ಲುಗಳ ಮೇಲಿನ ವಯಸ್ಸು ಓದುತ್ತ ಹೋದರೆ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಕಾಲೇಜಿಗೆ ಹೋಗುವ ವಯಸ್ಸು. ಮಕ್ಕಳೊಂದಿಗೆ ಬಂದ ತಂದೆತಾಯಿಯರ ಮಾತು ಇಲ್ಲಿ ತಾನಾಗಿಯೇ ತಗ್ಗುತ್ತದೆ.

ರಸ್ತೆಯಾಚೆ, ಸಮಾಧಿಯೂ ದೊರೆಯದ 1,800ಕ್ಕೂ ಹೆಚ್ಚು ಮಂದಿಯ ಹೆಸರು ಕೆತ್ತಿದ ಸ್ಮಾರಕ. ಅದರ ಮೇಲಿನ ಲ್ಯಾಟಿನ್ ಬರಹದ ಸಾರಾಂಶ ಹೀಗಿದೆ: ಒಮ್ಮೆ ವಿಲಿಯಂನಿಂದ ಸೋತವರು ನಾವು, ಆ ವಿಜೇತನ ನಾಡನ್ನೇ ಈಗ ಬಿಡಿಸಿದ್ದೇವೆ. 878 ವರ್ಷಗಳ ಹಿಂದಿನ ಲೆಕ್ಕವೊಂದನ್ನು ಹಗೆಯಿಂದಲ್ಲದೆ ಬಿಡುಗಡೆಯಿಂದ ತೀರಿಸಿದ ಮಾತಿದು. ಪಠ್ಯಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿ ಬರುವ ಎರಡು ಇಸವಿಗಳು ಇಲ್ಲಿ ಒಂದೇ ಕಲ್ಲಿನ ಮೇಲೆ ಕೂಡಿಕೊಂಡಿವೆ.

ಆರು ಸಾವಿರ ಟನ್ನಿನ ಕಾಂಕ್ರೀಟನ್ನು ಎಂಬತ್ತು ವರ್ಷಗಳಲ್ಲಿ ಅಲೆಗಳು ಶಿಥಿಲಗೊಳಿಸಿವೆ. ಉಣ್ಣೆಯ ನೂಲು ಒಂಬತ್ತು ಶತಮಾನ ದಾಟಿ ಉಳಿದಿದೆ. ಏಕೆಂದರೆ ಪ್ರತಿ ತಲೆಮಾರಿನಲ್ಲೂ ಯಾರೋ ಅದನ್ನು ಮಡಿಸಿ, ಬಿಚ್ಚಿ, ತೇಪೆ ಹಾಕಿ ಕಾಪಾಡಿದ್ದಾರೆ. ನೆನಪಿನ ಆಯುಷ್ಯ ಅದನ್ನು ಕಾಯುವವರ ಕೈಯಲ್ಲಿದೆ.

ಹೋಗುವುದು ಹೇಗೆ?

ಪ್ಯಾರಿಸ್ಸಿನ ಸಾಂ-ಲಜಾರ್ ನಿಲ್ದಾಣದಿಂದ ಬಾಯೂವಿಗೆ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ಅಲ್ಲಿಂದ ಅರೊಮಾಂಶ್‌ಗೆ ಬಸ್ಸಿದೆ. ವೇಳಾಪಟ್ಟಿ ಮೊದಲೇ ನೋಡಿಕೊಳ್ಳಬೇಕು. ದಂಡೆಯಲ್ಲಿ ನಡೆಯುವವರು ಉಬ್ಬರ-ಇಳಿತದ ಸಮಯವನ್ನೂ ವಿಚಾರಿಸಬೇಕು. ಕಸೂತಿಯ ಸಂಗ್ರಹಾಲಯವನ್ನು ಹೊಸ ಕಟ್ಟಡಕ್ಕಾಗಿ 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಲಾಯಿತು. 2027ರಲ್ಲಿ ಮತ್ತೆ ತೆರೆಯುವುದು ಯೋಜನೆ. ಈ ಬಿಡುವಿನಲ್ಲಿ ಬಟ್ಟೆಯನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಎರವಲು ಕೊಡಲು ಫ್ರಾನ್ಸ್ ಒಪ್ಪಿದೆ. ಆದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು.