ಬೆನ್ನಮೇಲಿನ ಪೆಟ್ಟಿಗೆ

ಒಳ್ಳೆಯ ಮಾತುಗಳನ್ನು ಕೂಡಿಡುವ ಹುಚ್ಚು ನನಗೆ ಚಿಕ್ಕಂದಿನಿಂದಲೂ ಉಂಟು. ಮಾಸ್ತರಿಕೆ ಮಾಡಿದ ಮೂವತ್ತೆರಡು ವರ್ಷವೂ ದಿನಕ್ಕೊಂದು ಸುಭಾಷಿತವನ್ನು ಕರಿಹಲಗೆಯ ಮೂಲೆಯಲ್ಲಿ ಬರೆದವನು ನಾನು. ಹುಡುಗರು ಓದುತ್ತಿದ್ದರೋ ಇಲ್ಲವೋ, ಬರೆದ ನನಗಂತೂ ಪುಣ್ಯ ಕಟ್ಟಿಕೊಂಡ ತೃಪ್ತಿ. ಬಸವಕಲ್ಯಾಣ ನಮ್ಮ ನೆರೆಯ ತಾಲ್ಲೂಕು. ಶರಣರ ಮಾತುಗಳಿಗೆ ಬರವೇ? ಬಸವ ಜಯಂತಿಯ ಭಾಷಣಗಳಲ್ಲಿ ಅವನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೂ ಉಂಟು. ಇಂಥ ನನಗೆ ಹದಿನಾಲ್ಕು ವರ್ಷದ ಪೋರನೊಬ್ಬ, ಜಪಾನಿನ ರಾಕ್ಷಸರನ್ನು ಮುಂದಿಟ್ಟುಕೊಂಡು ಪಾಠ ಹೇಳಿದ ಕಥೆ ಇದು.

ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆಂದು ಕಲಬುರಗಿಯಿಂದ ಹೊರಟು, ನಮ್ಮೂರು ದುಬಲಗುಂಡಿಯಲ್ಲಿ ತಂಗಿಯ ಮನೆಗೆ ಇಳಿದಿದ್ದೆ. ಅಲ್ಲಿ ನನ್ನ ತಮ್ಮನ ಮಗನೂ ಇದ್ದಾನೆ. ತಾಯಿಯಿಲ್ಲದ ಹುಡುಗ, ತಂದೆಯಿದ್ದೂ ಇಲ್ಲದಂತೆ. ನನ್ನ ತಮ್ಮ ಕುಡಿತಕ್ಕೆ ಬಿದ್ದು, ಊರ ಹೊರಗಿನ ಹೊಲದ ಮನೆಯಲ್ಲಿ ಒಬ್ಬನೇ ಬಿದ್ದಿರುತ್ತಾನೆ. ಅವ್ವ ತೀರಿಕೊಂಡ ವರ್ಷ ಆಕೆಯ ಪಾಟಲಿಗಳನ್ನು ಮಾರಿ ಕುಡಿದ ಮಹಾಶಯ. ಅಂದಿನಿಂದ ಹನ್ನೊಂದು ವರ್ಷ ನಾನು ಅವನ ಮುಖ ನೋಡಿರಲಿಲ್ಲ.

ರಾತ್ರಿ ಊಟಕ್ಕೆ ಕರೆದರೆ ಹುಡುಗ ಮೊಬೈಲಿನಿಂದ ತಲೆಯೆತ್ತಲೊಲ್ಲ.

“ಏನ್ ನೋಡ್ಲಾಕತ್ತಿದಿ?” ಎಂದೆ.

“ಡೀಮನ್ ಸ್ಲೇಯರ್, ದೊಡ್ಡಪ್ಪ. ನೀವೂ ಒಂದೀಟು ನೋಡ್ರಿ.”

ರೇಖೆಯ ಚಿತ್ರಗಳನ್ನು ಓಡಿಸಿ ಮಾಡಿದ ಕಥೆ. ಇಂಥದಕ್ಕೆ ಅನಿಮೆ ಎನ್ನುತ್ತಾರಂತೆ. ಕೊಯೊಹಾರು ಗೊಟೊಗೆ ಎಂಬವರು ಜಪಾನಿನ ವಾರಪತ್ರಿಕೆಯೊಂದರಲ್ಲಿ 2016ರಿಂದ 2020ರವರೆಗೆ ಬಿಡಿಸಿದ ಚಿತ್ರಕಥೆ 2019ರಲ್ಲಿ ಟೆಲಿವಿಷನ್ನಿಗೆ ಬಂತು. 2020ರಲ್ಲಿ ತೆರೆಕಂಡ ಇದರ ಚಲನಚಿತ್ರ ಜಪಾನಿನಲ್ಲಿ ಅದುವರೆಗಿನ ಗಳಿಕೆಯ ದಾಖಲೆಗಳನ್ನೆಲ್ಲ ಮುರಿಯಿತು. ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ನಡುವೆ ನಮ್ಮ ಹುಡುಗನ ಬೀದರ ಕನ್ನಡದ ಟೀಕೆ.

ತಾಂಜಿರೊ ಎಂಬ ಇದ್ದಿಲು ಮಾರುವ ಹುಡುಗ. ಒಂದು ರಾತ್ರಿ ಹೊರಗುಳಿದು ಬೆಳಿಗ್ಗೆ ಮನೆಗೆ ಬಂದರೆ ಮನೆಮಂದಿಯನ್ನೆಲ್ಲ ರಾಕ್ಷಸ ಕೊಂದಿದ್ದಾನೆ. ಉಳಿದವಳು ತಂಗಿ ನೆಝುಕೊ ಒಬ್ಬಳೇ; ಅವಳೂ ರಾಕ್ಷಸಿಯಾಗಿದ್ದಾಳೆ. ಅವಳನ್ನು ಕೊಲ್ಲಲು ಬಂದ ಗಿಯು ಎಂಬ ಖಡ್ಗಧಾರಿಯ ಮುಂದೆ ತಾಂಜಿರೊ ಮಂಡಿಯೂರಿ ಅಂಗಲಾಚುತ್ತಾನೆ. ಆತ ಗದರಿಸುತ್ತಾನೆ: ಬದುಕು ಸಾವಿನ ಅಧಿಕಾರವನ್ನು ಪರರ ಕೈಗೆ ಕೊಟ್ಟು ಕೂಡಬೇಡ ಎಂಬರ್ಥದ ಮಾತು. ನನ್ನ ಕರಿಹಲಗೆಗೆ ಹೇಳಿಮಾಡಿಸಿದಂತಿತ್ತು. ಮುಂದೆ ರೆಂಗೋಕು ಎಂಬ ವೀರನ ತಾಯಿ ಮಗನಿಗೆ ಹೇಳುವ ಮಾತೂ ಅಂಥದೇ: ಬಲದೊಂದಿಗೆ ಹುಟ್ಟಿದವನಿಗೆ ಬಲವಿಲ್ಲದವರನ್ನು ಕಾಯುವುದೇ ಕರ್ತವ್ಯ. ಅಭ್ಯಾಸಬಲದಿಂದ ಚೀಟಿಯಲ್ಲಿ ಗುರುತು ಹಾಕಿಕೊಂಡೆ.

ಚೀಟಿಗೆ ಸಿಗದೆ ಹೋದದ್ದು ಬೇರೆ. ರೂಯಿ ಎಂಬ ಎಳೆಯ ರೂಪದ ಕ್ರೂರ ರಾಕ್ಷಸನೊಬ್ಬ ಕಡೆಗೆ ತಲೆ ಕಳೆದುಕೊಂಡು ಬೂದಿಯಾಗುತ್ತಿರುತ್ತಾನೆ. ಅವನ ಕೈಯಲ್ಲಿ ಸಾಯುವಷ್ಟು ಪೆಟ್ಟು ತಿಂದ ತಾಂಜಿರೊ ಆ ಬೆನ್ನಿನ ಮೇಲೆ ಕೈ ಇಡುತ್ತಾನೆ. ಗಿಯು ಬಂದು ಉಳಿದ ಬಟ್ಟೆಯನ್ನು ತುಳಿದು, ಮನುಷ್ಯರನ್ನು ತಿಂದವನ ಮೇಲೆ ಕನಿಕರವೇಕೆ ಎಂದರೆ, ಹುಡುಗ ಕಾಲು ತೆಗೆಯಿರಿ ಎನ್ನುತ್ತಾನೆ. ಕೊಲ್ಲಬೇಕಾದಲ್ಲಿ ಕತ್ತಿಯೆತ್ತಲು ಹಿಂಜರಿಯೆ; ಆದರೆ ಮಾಡಿದ್ದಕ್ಕೆ ನೊಂದವನನ್ನು ತುಳಿಯಲಾರೆ; ಇವರೂ ಒಮ್ಮೆ ನನ್ನಂಥ ಮನುಷ್ಯರೇ ಆಗಿದ್ದರು ಎನ್ನುವುದು ಅವನ ವಾದ.

ಬಿಸಿಲು ಬಿದ್ದರೆ ರಾಕ್ಷಸರು ಉಳಿಯರು. ಆದ್ದರಿಂದ ಹಗಲಲ್ಲಿ ತಂಗಿಯನ್ನು ಮರದ ಪೆಟ್ಟಿಗೆಯಲ್ಲಿ ಕೂಡಿಸಿ ಬೆನ್ನಮೇಲೆ ಹೊತ್ತು ತಿರುಗುತ್ತಾನೆ ಈ ಅಣ್ಣ.

“ಆಕಿ ಮಂದಿನ್ನ ತಿಂದ್ರ?” ಎಂದು ಕೇಳಿದೆ.

“ತಿನ್ನದ್ಹಂಗ ಬಾಯಿಗಿ ಬಿದಿರು ಕಟ್ಯಾರಲ್ರಿ. ಕಟ್ಟಬೇಕು, ಕಾಯಬೇಕು. ಬಿಡಬಾರ್ದು. ಹೌದಲ್ರಿ ದೊಡ್ಡಪ್ಪ?”

ಹುಡುಗ ತೆರೆಯನ್ನು ನೋಡುತ್ತಲೇ ಕೇಳಿದ. ನಾನು ರೊಟ್ಟಿ ತಣ್ಣಗಾಗುತ್ತದೆಂದು ಎದ್ದೆ.

ಮರುದಿನ ಹುಮನಾಬಾದಿನ ಜನಜಂಗುಳಿಯಲ್ಲಿ ಪುರವಂತರು ಖಡ್ಗ ಹಿಡಿದು ಕುಣಿಯುತ್ತ ಒಡಪು ಹೇಳುತ್ತಿದ್ದರು. ಕಥೆ ಎಲ್ಲರಿಗೂ ತಿಳಿದದ್ದೇ. ಶಿವನಿಗೆ ಅವಮಾನವಾಯಿತು, ದಾಕ್ಷಾಯಣಿ ಪ್ರಾಣ ಬಿಟ್ಟಳು, ವೀರಭದ್ರ ಹುಟ್ಟಿಬಂದು ದಕ್ಷನ ತಲೆ ಕಡಿದ. ಚಿಕ್ಕಂದಿನಿಂದ ನಾನು ಕೇಳಿ ರೋಮಾಂಚನಗೊಂಡದ್ದು ಇಷ್ಟಕ್ಕೇ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲವಷ್ಟೆ? ಕಡಿದ ಮೇಲೆ ಶಿವನೇ ಕರಗಿ, ದಕ್ಷನಿಗೆ ಟಗರಿನ ತಲೆಯಿಟ್ಟು ಜೀವ ಕೊಡುತ್ತಾನೆ. ಮೊದಲಿನ ತಲೆ ಬರಲಿಲ್ಲ, ನಿಜ. ಅಪರಾಧದ ಗುರುತು ಉಳಿಯಿತು. ಜೀವವೂ ಉಳಿಯಿತು. ನಾನಾದರೋ ತಲೆ ಕಡಿಯುವವರೆಗೆ ಮಾತ್ರ ಭಕ್ತನಾಗಿದ್ದೆ.

ಸಂಜೆ ಊರಿಗೆ ಮರಳಿದಾಗ ಹುಡುಗ ಶಾಲೆಯ ಚೀಲವನ್ನು ಬೆನ್ನಿಗೇರಿಸುತ್ತಿದ್ದ. ರಜೆಯ ದಿನ ಚೀಲವೇಕೆಂದು ಕೇಳಿದೆ. ತಂಗಿ ಒಲೆಯ ಕಡೆಗೆ ತಿರುಗಿಕೊಂಡು, “ಅವರಪ್ಪಗ ಬುತ್ತಿ, ಅಣ್ಣಾ. ದಿನಾ ಒಯ್ತಾನ. ರೊಕ್ಕ ಕೊಡಾದಿಲ್ಲ, ಬುತ್ತಿ ತಪ್ಪಿಸಾದಿಲ್ಲ,” ಎಂದಳು.

ಚಪ್ಪಲಿ ಮೆಟ್ಟಿಕೊಂಡು ಹುಡುಗನ ಹಿಂದೆ ನಡೆದೆ. ಎರಡೂ ಕಡೆ ತೊಗರಿ ಒಣಗಿ ನಿಂತಿತ್ತು. ಮುಂದೆ ಆ ಪುಟ್ಟ ಬೆನ್ನು, ಅದರ ಮೇಲೆ ಚೀಲ.

ತಮ್ಮ ಹೊಲದ ಮನೆಯ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಏಳಹೋಗಿ, ಕಾಲು ನಿಲ್ಲದೆ ಮತ್ತೆ ಕೂತ. ನಾಚಿಕೆಯೋ ಭಯವೋ, ತಲೆ ತಗ್ಗಿಸಿದ. ಅವ್ವನ ಪಾಟಲಿಗಳು ನನಗೆ ನೆನಪಾಗಲಿಲ್ಲವೆಂದರೆ ಸುಳ್ಳಾದೀತು. ಮೂವತ್ತೆರಡು ವರ್ಷ ಹಲಗೆಯ ಮೇಲೆ ಬರೆದುದರಲ್ಲಿ ಮಾತ್ರ ಒಂದೂ ನೆನಪಾಗಲಿಲ್ಲ. ಪಕ್ಕದಲ್ಲಿ ಕೂತು ಬೆನ್ನಮೇಲೆ ಕೈಯಿಟ್ಟೆ. ಅಂಗಿಯ ಕೆಳಗೆ ಎಲುಬು ಎಣಿಸಬಹುದಾಗಿತ್ತು.

“ಉಣ್ಣು, ಆರ್ತದ,” ಎಂದೆ.

ಅವನು ಕುಡಿತ ಬಿಟ್ಟನೆಂದು ಹೇಳಿ ಈ ಬರಹವನ್ನು ಸುಖಾಂತ ಮಾಡಲಾರೆ, ಬಿಟ್ಟಿಲ್ಲ. ಆದರೆ ಈಗ ತಿಂಗಳಿಗೆರಡು ಸಲ ನಾನು ದುಬಲಗುಂಡಿಗೆ ಹೋಗುತ್ತೇನೆ. ಆ ದಿನಗಳಲ್ಲಿ ಬುತ್ತಿಯ ಚೀಲ ನನ್ನ ಹೆಗಲಿಗೆ. ಹುಡುಗ ಕೈಬೀಸಿಕೊಂಡು ಮುಂದೆ ನಡೆಯುತ್ತಾನೆ.